‘ಶ್ಯಾಲ್’ ಮತ್ತು ‘ಮೇ’: ಕಾನೂನಿನ ಇಂಗ್ಲಿಷಿನಲ್ಲಿ ಹೊಣೆ ಯಾರದು, ಅಧಿಕಾರ ಯಾರದು?

2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮಗಳು ಜಾರಿಗೆ ಬಂದವು. ಹಳೆಯ ಕಲಂ ಸಂಖ್ಯೆಗಳು ಬದಲಾದವು, ಕೆಲವು ಹೊಸ ನಿಯಮಗಳು ಸೇರಿಕೊಂಡವು, ಅದರ ಜೊತೆಗೆ ಕಾನೂನಿನ ಮೂಲಪಾಠವನ್ನು ಮೊಬೈಲಿನಲ್ಲೇ ತೆರೆದು ಓದುವವರ ಸಂಖ್ಯೆಯೂ ಹೆಚ್ಚಿತು. ಹೀಗೆ ಓದುವವರು ಕಠಿಣವಾದ ಪದ ಎದುರಾದರೆ ನಿಘಂಟು ನೋಡುತ್ತಾರೆ ಅಥವಾ ತಿಳಿದವರನ್ನು ಕೇಳುತ್ತಾರೆ. ಆದರೆ ತೀರಾ ಸುಲಭವೆಂದು ಕಾಣುವ, ಶಾಲೆಯಲ್ಲೇ ಕಲಿತುಬಿಟ್ಟ ಎರಡು ಚಿಕ್ಕ ಪದಗಳನ್ನು ಗಮನಿಸದೆ ದಾಟಿಬಿಡುತ್ತಾರೆ. ಅವು ‘ಶ್ಯಾಲ್’ ಮತ್ತು ‘ಮೇ’.

ಸಂವಿಧಾನದಿಂದ ಹಿಡಿದು ಮನೆ ಬಾಡಿಗೆಯ ಕರಾರು ಪತ್ರದವರೆಗೆ, ಬ್ಯಾಂಕಿನ ಸಾಲದ ಷರತ್ತುಗಳಿಂದ ಹಿಡಿದು ವಿಮಾ ಪಾಲಿಸಿಯವರೆಗೆ, ನಮ್ಮ ದೇಶದ ಇಂಗ್ಲಿಷ್ ದಾಖಲೆಗಳೆಲ್ಲ ಈ ಎರಡು ಪದಗಳ ಆಧಾರದ ಮೇಲೆಯೇ ನಿಂತಿವೆ. ಒಂದು ವಾಕ್ಯದಲ್ಲಿ ಯಾರು ಏನನ್ನು ಮಾಡಲೇಬೇಕು, ಯಾರು ತಮಗೆ ಬೇಕೆನಿಸಿದರೆ ಮಾತ್ರ ಮಾಡಬಹುದು ಎಂಬುದನ್ನು ತೀರ್ಮಾನಿಸುವುದು ಈ ಪದಗಳು. ಅವುಗಳ ಅರ್ಥವೇನು, ವಾಕ್ಯದಲ್ಲಿ ಅವು ಹೇಗೆ ಕೆಲಸ ಮಾಡುತ್ತವೆ, ನ್ಯಾಯಾಲಯಗಳು ಕೆಲವೊಮ್ಮೆ ಒಂದನ್ನು ಇನ್ನೊಂದರ ಅರ್ಥದಲ್ಲಿ ಏಕೆ ಓದುತ್ತವೆ ಎಂಬುದನ್ನು ಮೂಲದಿಂದ ನೋಡೋಣ.

ಸಾಲ ಮತ್ತು ಶಕ್ತಿ: ಪದಗಳ ಹುಟ್ಟು

ಸುಮಾರು ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ‘ಶ್ಯಾಲ್’ ಪದದ ಪೂರ್ವರೂಪಕ್ಕೆ ‘ನಾನು ಸಾಲ ತೀರಿಸಬೇಕಾಗಿದೆ’ ಎಂಬ ಅರ್ಥವಿತ್ತು. ಜರ್ಮನ್ ಭಾಷೆಯಲ್ಲಿ ಇಂದಿಗೂ ಸಾಲ ಮತ್ತು ತಪ್ಪು ಎರಡನ್ನೂ ಸೂಚಿಸುವ ‘ಶುಲ್ಟ್’ ಎಂಬ ಪದ ಇದೇ ಬೇರಿನದು. ‘ಮೇ’ ಪದದ ಪೂರ್ವರೂಪಕ್ಕೆ ‘ಶಕ್ತನಾಗಿದ್ದೇನೆ, ನನ್ನಲ್ಲಿ ಬಲವಿದೆ’ ಎಂಬ ಅರ್ಥವಿತ್ತು. ಬಲ ಎಂಬ ಅರ್ಥದ ‘ಮೈಟ್’ ಎಂಬ ನಾಮಪದವೂ ಅದೇ ಕುಟುಂಬಕ್ಕೆ ಸೇರಿದ್ದು.

ಈ ಎರಡು ಹುಟ್ಟುಗಳನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ. ಪಡೆದ ಸಾಲವನ್ನು ಮನಸ್ಸಿದ್ದರೂ ಇಲ್ಲದಿದ್ದರೂ ತೀರಿಸಬೇಕು. ಕಿಸೆಯಲ್ಲಿರುವ ಸ್ವಂತ ಹಣವನ್ನು ಖರ್ಚು ಮಾಡಬಹುದು, ಮಾಡದೆಯೂ ಇರಬಹುದು. ‘ಶ್ಯಾಲ್’ ಒಬ್ಬರ ತಲೆಯ ಮೇಲೆ ಸಾಲ ಹೊರಿಸುತ್ತದೆ, ‘ಮೇ’ ಒಬ್ಬರ ಕಿಸೆಗೆ ಹಣ ಹಾಕುತ್ತದೆ.

ವ್ಯಾಕರಣದಲ್ಲಿ ಇವುಗಳ ಸ್ಥಾನ

ಇಂಗ್ಲಿಷಿನಲ್ಲಿ ಮುಖ್ಯ ಕ್ರಿಯಾಪದದ ಮುಂದೆ ನಿಂತು, ಆ ಕ್ರಿಯೆ ಕಡ್ಡಾಯವೋ, ಸಾಧ್ಯವೋ, ಅನುಮತಿ ಪಡೆದದ್ದೋ ಎಂಬುದನ್ನು ಹೇಳುವ ಸಹಾಯಕ ಕ್ರಿಯಾಪದಗಳ ಒಂದು ಚಿಕ್ಕ ಗುಂಪಿದೆ. ಕ್ಯಾನ್, ಕುಡ್, ಮೇ, ಮೈಟ್, ಶ್ಯಾಲ್, ಶುಡ್, ವಿಲ್, ವುಡ್, ಮಸ್ಟ್ ಇವು ಆ ಗುಂಪಿನ ಮುಖ್ಯ ಸದಸ್ಯರು. ಕನ್ನಡದಲ್ಲಿ ನಾವು ಕ್ರಿಯಾಪದದ ಹಿಂದೆ ‘ಬೇಕು’, ‘ಬಹುದು’, ‘ಕೂಡದು’, ‘ಬಲ್ಲ’ ಎಂದು ಸೇರಿಸಿ ಮಾಡುವ ಕೆಲಸವನ್ನು ಇಂಗ್ಲಿಷ್ ಈ ಪದಗಳನ್ನು ಮುಂದೆ ಇಟ್ಟು ಮಾಡುತ್ತದೆ.

ರಚನೆಯಲ್ಲಿ ‘ಶ್ಯಾಲ್’ ಮತ್ತು ‘ಮೇ’ ಎರಡೂ ಒಂದೇ ನಿಯಮಗಳನ್ನು ಪಾಲಿಸುತ್ತವೆ. ಕರ್ತೃ ಯಾರೇ ಇರಲಿ, ಏಕವಚನವಿರಲಿ ಬಹುವಚನವಿರಲಿ, ಇವುಗಳ ರೂಪ ಬದಲಾಗುವುದಿಲ್ಲ. ಬೇರೆ ಕ್ರಿಯಾಪದಗಳಿಗೆ ‘ಅವನು’, ‘ಅವಳು’ ಬಂದಾಗ ಸೇರುವ ‘ಎಸ್’ ಇವಕ್ಕೆ ಸೇರುವುದಿಲ್ಲ. ಇವುಗಳ ನಂತರ ‘ಟು’ ಬರುವುದಿಲ್ಲ, ಮುಖ್ಯ ಕ್ರಿಯಾಪದ ತನ್ನ ಮೂಲರೂಪದಲ್ಲೇ ಬರುತ್ತದೆ. ಒಂದೇ ಕ್ರಿಯೆಗೆ ಎರಡನ್ನೂ ಒಟ್ಟಿಗೆ ಹೇಳಲು ಬರುವುದಿಲ್ಲ. ಚರಿತ್ರೆಯ ದೃಷ್ಟಿಯಿಂದ ‘ಶುಡ್’ ಎಂಬುದು ‘ಶ್ಯಾಲ್’ನ ಭೂತರೂಪ, ‘ಮೈಟ್’ ಎಂಬುದು ‘ಮೇ’ಯ ಭೂತರೂಪ. ಆದರೆ ಇವು ಕಾಲಕ್ರಮದಲ್ಲಿ ತವರಿನಿಂದ ದೂರ ಸರಿದು, ‘ಶುಡ್’ ಸಲಹೆಯ ಪದವಾಗಿಯೂ ‘ಮೈಟ್’ ಇನ್ನೂ ದುರ್ಬಲವಾದ ಸಾಧ್ಯತೆಯ ಪದವಾಗಿಯೂ ನಿಂತಿವೆ. ಹಾಗಾಗಿ ದಾಖಲೆಯೊಂದರಲ್ಲಿ ‘ಶುಡ್’ ಕಂಡರೆ ಅದನ್ನು ‘ಶ್ಯಾಲ್’ನಷ್ಟೇ ಬಲವುಳ್ಳದ್ದೆಂದು ತಿಳಿಯಬಾರದು.

ದಿನನಿತ್ಯದ ಮಾತಿನಲ್ಲಿ ‘ಮೇ’ಗೆ ಮೂರು ಕೆಲಸಗಳಿವೆ. ಮೊದಲನೆಯದು ಅನುಮತಿ: ತರಗತಿಯ ಬಾಗಿಲಲ್ಲಿ ನಿಂತು ‘ಮೇ ಐ ಕಮ್ ಇನ್, ಸರ್?’ ಎಂದು ಕೇಳದ ವಿದ್ಯಾರ್ಥಿ ನಮ್ಮಲ್ಲಿ ಇಲ್ಲ. ಎರಡನೆಯದು ಸಾಧ್ಯತೆ: ‘ಇಟ್ ಮೇ ರೇನ್’ ಎಂದರೆ ಮಳೆ ಬರಬಹುದು. ಮೂರನೆಯದು ಹಾರೈಕೆ: ದೇವರು ಒಳ್ಳೆಯದು ಮಾಡಲಿ ಎಂದು ಹರಸುವಾಗ ಇಂಗ್ಲಿಷ್ ವಾಕ್ಯ ‘ಮೇ’ಯಿಂದಲೇ ಆರಂಭವಾಗುತ್ತದೆ. ಕನ್ನಡದ ‘ಬಹುದು’ ಸಹ ಅನುಮತಿ ಮತ್ತು ಸಾಧ್ಯತೆ ಎರಡನ್ನೂ ಹೇಳುವುದರಿಂದ ಮೊದಲ ಎರಡು ಅರ್ಥಗಳು ನಮಗೆ ಸಹಜವಾಗಿ ಅರ್ಥವಾಗುತ್ತವೆ. ‘ನೀವು ಹೋಗಬಹುದು’ ಎಂಬುದು ಅಪ್ಪಣೆ, ‘ಅವರು ಹೋಗಿರಬಹುದು’ ಎಂಬುದು ಊಹೆ.

‘ಶ್ಯಾಲ್’ನ ಮಾತುಕತೆಯ ಬಳಕೆ ಇಂದು ಕಿರಿದಾಗಿದೆ. 1653ರಲ್ಲಿ ಜಾನ್ ವಾಲಿಸ್ ಎಂಬ ಗಣಿತಜ್ಞ ಲ್ಯಾಟಿನ್ ಭಾಷೆಯಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ ಒಂದು ನಿಯಮವನ್ನು ಹೇಳಿದ: ‘ನಾನು’, ‘ನಾವು’ ಎಂಬವುಗಳ ಜೊತೆ ‘ಶ್ಯಾಲ್’ ಬಂದರೆ ಮುಂದೆ ನಡೆಯುವ ಸಂಗತಿಯನ್ನಷ್ಟೇ ತಿಳಿಸುತ್ತದೆ, ‘ವಿಲ್’ ಬಂದರೆ ಮಾತು ಕೊಟ್ಟಂತೆ ಅಥವಾ ಬೆದರಿಕೆ ಹಾಕಿದಂತೆ, ‘ನೀನು’, ‘ಅವನು’, ‘ಅವರು’ ಬಂದಾಗ ಇದು ತಿರುಗುಮುರುಗಾಗುತ್ತದೆ. ನಮ್ಮ ಶಾಲೆಯ ವ್ಯಾಕರಣ ಪುಸ್ತಕಗಳವರೆಗೂ ಹರಿದುಬಂದ ಈ ನಿಯಮವನ್ನು ಇಂದು ಇಂಗ್ಲಿಷನ್ನು ಮಾತೃಭಾಷೆಯಾಗಿ ಆಡುವವರೂ ಹೆಚ್ಚು ಪಾಲಿಸುವುದಿಲ್ಲ. ಆದರೆ ಅದರ ಒಂದು ಭಾಗ ಕಾನೂನಿನ ಭಾಷೆಯಲ್ಲಿ ಗಟ್ಟಿಯಾಗಿ ಉಳಿದುಕೊಂಡಿತು: ಮೂರನೆಯ ವ್ಯಕ್ತಿಯ ಜೊತೆ ಬಂದ ‘ಶ್ಯಾಲ್’ ಆಜ್ಞೆಯಾಗುತ್ತದೆ. ಕಾಯ್ದೆಗಳು ಯಾವಾಗಲೂ ಮೂರನೆಯ ವ್ಯಕ್ತಿಯ ಬಗ್ಗೆಯೇ, ಅಂದರೆ ಅಧಿಕಾರಿ, ಮಾಲೀಕ, ರಾಜ್ಯ, ಯಾವುದೇ ವ್ಯಕ್ತಿ ಎಂಬವರ ಬಗ್ಗೆಯೇ ಮಾತನಾಡುತ್ತವೆ.

ಪ್ರಶ್ನೆಯಲ್ಲಿ ಈ ಆಜ್ಞೆಯ ಛಾಯೆ ಕರಗಿಹೋಗುತ್ತದೆ. ‘ಶ್ಯಾಲ್ ಐ ಓಪನ್ ದ ವಿಂಡೋ?’ ಎಂದರೆ ‘ಕಿಟಕಿ ತೆಗೆಯಲೇ?’ ಎಂದಷ್ಟೇ. ಕೇಳುವವರು ಕೆಲಸ ಮಾಡಲು ಸಿದ್ಧರಿದ್ದಾರೆ, ನಿರ್ಧಾರವನ್ನು ಎದುರಿನವರಿಗೆ ಬಿಟ್ಟಿದ್ದಾರೆ. ಅದೇ ವಾಕ್ಯ ‘ಮೇ ಐ’ ಎಂದು ಆರಂಭವಾದರೆ ‘ತೆಗೆಯಬಹುದೇ?’ ಎಂದಾಗುತ್ತದೆ, ಕಿಟಕಿ ತೆರೆಯುವ ಬಯಕೆ ಕೇಳುವವರದು, ಒಪ್ಪಿಗೆ ಎದುರಿನವರದು.

ನಿಷೇಧದ ವಾಕ್ಯಗಳಲ್ಲಿ ಹೆಚ್ಚು ಎಚ್ಚರ ಬೇಕು. ‘ಶ್ಯಾಲ್ ನಾಟ್’ ಎಂದರೆ ‘ಮಾಡಕೂಡದು’. ‘ಮಾಡಬೇಕಾಗಿಲ್ಲ’ ಎಂಬ ಅರ್ಥ ಅದಕ್ಕೆ ಬರುವುದಿಲ್ಲ. ‘ಮೇ ನಾಟ್’ ಎಂಬುದಕ್ಕೆ ಮಾತ್ರ ಎರಡು ಅರ್ಥಗಳು ಬರುತ್ತವೆ: ‘ಇಟ್ ಮೇ ನಾಟ್ ರೇನ್’ ಎಂದರೆ ಮಳೆ ಬಾರದೆಯೂ ಇರಬಹುದು, ‘ಯು ಮೇ ನಾಟ್ ಎಂಟರ್’ ಎಂದರೆ ನೀವು ಒಳಗೆ ಹೋಗುವಂತಿಲ್ಲ. ಮೊದಲನೆಯದರಲ್ಲಿ ನಿಷೇಧ ಅಂಟಿಕೊಂಡಿರುವುದು ಮಳೆ ಬರುವ ಕ್ರಿಯೆಗೆ, ಎರಡನೆಯದರಲ್ಲಿ ಅನುಮತಿಗೆ. ಈ ಗೊಂದಲವನ್ನು ತಪ್ಪಿಸಲೆಂದೇ ನಿಷೇಧವನ್ನು ಹೇಳುವಾಗ ಕಾನೂನು ಬರೆಯುವವರು ಸಾಮಾನ್ಯವಾಗಿ ‘ಶ್ಯಾಲ್ ನಾಟ್’ ಎಂದೇ ಬರೆಯುತ್ತಾರೆ.

ಕನ್ನಡದ ಕಾಯ್ದೆಗಳಲ್ಲಿ ‘ತಕ್ಕದ್ದು’

ನಮ್ಮ ರಾಜ್ಯದ ಅಧಿನಿಯಮಗಳ ಕನ್ನಡ ಪಾಠವನ್ನು ಓದಿದವರಿಗೆ ‘ಸಲ್ಲಿಸತಕ್ಕದ್ದು’, ‘ನೀಡತಕ್ಕದ್ದು’, ‘ಮಾಡತಕ್ಕದ್ದಲ್ಲ’ ಎಂಬ ರೂಪಗಳು ಪರಿಚಿತ. ಇವು ‘ಶ್ಯಾಲ್’ ಮತ್ತು ‘ಶ್ಯಾಲ್ ನಾಟ್’ಗಳಿಗೆ ನಮ್ಮ ಭಾಷಾಂತರಕಾರರು ಕೊಟ್ಟ ರೂಪಗಳು. ಆಡುಮಾತಿನಲ್ಲಿ ನಾವು ‘ಕೊಡಬೇಕು’ ಎನ್ನುವ ಕಡೆ ಕಾಯ್ದೆ ‘ಕೊಡತಕ್ಕದ್ದು’ ಎನ್ನುತ್ತದೆ. ‘ಮೇ’ ಬಂದಲ್ಲಿ ‘ಬಹುದು’ ಬರುತ್ತದೆ: ‘ಸರ್ಕಾರವು ನಿಯಮಗಳನ್ನು ರಚಿಸಬಹುದು’. ‘ತಕ್ಕದ್ದು’ ಎಂಬುದು ‘ಮಾಡಿದರೆ ಒಳ್ಳೆಯದು, ಮಾಡಲು ಯೋಗ್ಯವಾದದ್ದು’ ಎಂಬ ಸೌಮ್ಯ ಸಲಹೆಯಂತೆ ಕಿವಿಗೆ ಕೇಳಿಸಬಹುದು. ಆದರೆ ಕಾಯ್ದೆಯಲ್ಲಿ ಅದು ಕಡ್ಡಾಯದ ಪದ.

ಪೊಲೀಸ್ ಠಾಣೆಯ ಒಂದು ಕಲಂ

ಈ ಎರಡು ಪದಗಳು ಒಂದರ ಪಕ್ಕ ಒಂದು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ನೋಡಲು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಅತ್ಯುತ್ತಮ ಉದಾಹರಣೆ. ಇದು ಎಫ್‌ಐಆರ್ ದಾಖಲಿಸುವ ಕಲಂ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 154ನೇ ಕಲಮಿನ ಜಾಗದಲ್ಲಿ ಬಂದಿದೆ. ಇಲ್ಲಿ ಬರುವ ಸಂಜ್ಞೇಯ ಅಪರಾಧ ಎಂದರೆ, ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧ.

ಮೊದಲ ಉಪಕಲಂ ಹೇಳುವುದಿಷ್ಟು: ಸಂಜ್ಞೇಯ ಅಪರಾಧದ ಮಾಹಿತಿಯನ್ನು, ಅಪರಾಧ ಯಾವ ಪ್ರದೇಶದಲ್ಲೇ ನಡೆದಿರಲಿ, ಠಾಣಾಧಿಕಾರಿಗೆ ಬಾಯಿಮಾತಿನಲ್ಲಾಗಲಿ ವಿದ್ಯುನ್ಮಾನ ಸಂವಹನದ ಮೂಲಕವಾಗಲಿ ಕೊಡಬಹುದು. ಇಲ್ಲಿ ಇರುವುದು ‘ಮೇ’. ಬಾಯಿಮಾತಿನಲ್ಲಿ ಕೊಟ್ಟರೆ ಅದನ್ನು ಬರಹಕ್ಕೆ ಇಳಿಸತಕ್ಕದ್ದು, ಮಾಹಿತಿ ಕೊಟ್ಟವರಿಗೆ ಓದಿ ಹೇಳತಕ್ಕದ್ದು. ಇಲ್ಲಿ ‘ಶ್ಯಾಲ್’. ವಿದ್ಯುನ್ಮಾನ ಮಾರ್ಗದಲ್ಲಿ ಕಳಿಸಿದ್ದರೆ, ಕಳಿಸಿದವರು ಮೂರು ದಿನಗಳೊಳಗೆ ಸಹಿ ಹಾಕಿದಾಗ ಅದನ್ನು ದಾಖಲೆಗೆ ತೆಗೆದುಕೊಳ್ಳತಕ್ಕದ್ದು. ಎರಡನೇ ಉಪಕಲಮಿನ ಪ್ರಕಾರ ದಾಖಲಾದ ಮಾಹಿತಿಯ ಪ್ರತಿಯನ್ನು ಮಾಹಿತಿದಾರರಿಗೆ ಅಥವಾ ಸಂತ್ರಸ್ತರಿಗೆ ತಕ್ಷಣವೇ ಉಚಿತವಾಗಿ ಕೊಡತಕ್ಕದ್ದು. ಇಲ್ಲಿಯೂ ‘ಶ್ಯಾಲ್’.

ಮಾಹಿತಿ ಕೊಡುವ ನಾಗರಿಕರ ಕಡೆ ‘ಮೇ’ ಇದೆ, ಅದನ್ನು ಸ್ವೀಕರಿಸುವ ಅಧಿಕಾರಿಯ ಕಡೆ ‘ಶ್ಯಾಲ್’ ಇದೆ. ಬಾಯಿಮಾತಿನಲ್ಲಿ ಹೇಳುವುದೋ, ವಿದ್ಯುನ್ಮಾನ ಮಾರ್ಗದಲ್ಲಿ ಕಳಿಸುವುದೋ ಎಂಬ ಆಯ್ಕೆ ದೂರುದಾರರದು. ‘ನೀವೇ ಬರೆದುಕೊಂಡು ಬನ್ನಿ’ ಎಂದು ಕೌಂಟರಿನಲ್ಲಿ ಹೇಳಿ ಕಳಿಸುವ ಅವಕಾಶವನ್ನು ಆ ‘ಶ್ಯಾಲ್’ ಅಧಿಕಾರಿಗೆ ಕೊಡುವುದಿಲ್ಲ.

ಮೂರನೇ ಉಪಕಲಂ ಹೊಸದು. ಮೂರು ವರ್ಷ ಮತ್ತು ಅದಕ್ಕಿಂತ ಹೆಚ್ಚು, ಆದರೆ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯಿರುವ ಸಂಜ್ಞೇಯ ಅಪರಾಧಗಳಲ್ಲಿ, ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಪೂರ್ವಾನುಮತಿ ಪಡೆದು, ಮೇಲ್ನೋಟಕ್ಕೆ ಪ್ರಕರಣವಿದೆಯೇ ಎಂದು ತಿಳಿಯಲು ಠಾಣಾಧಿಕಾರಿ 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸಬಹುದು. ಈ ಬಾರಿ ‘ಮೇ’ ಪೊಲೀಸರ ಕಡೆಗೆ ಬಂದಿದೆ. ನಾಲ್ಕನೇ ಉಪಕಲಮಿನಲ್ಲಿ ಮತ್ತೆ ಸರಪಳಿ ಹೀಗಿದೆ: ಠಾಣೆಯಲ್ಲಿ ದೂರು ದಾಖಲಿಸಲು ನಿರಾಕರಿಸಿದರೆ ನೊಂದವರು ಮಾಹಿತಿಯ ಸಾರಾಂಶವನ್ನು ಬರಹದಲ್ಲಿ ಅಂಚೆಯ ಮೂಲಕ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಬಹುದು, ಅದು ಸಂಜ್ಞೇಯ ಅಪರಾಧವೆಂದು ವರಿಷ್ಠಾಧಿಕಾರಿಗೆ ಮನವರಿಕೆಯಾದರೆ ಅವರೇ ತನಿಖೆ ಮಾಡತಕ್ಕದ್ದು ಅಥವಾ ಕೆಳಗಿನ ಅಧಿಕಾರಿಯಿಂದ ಮಾಡಿಸತಕ್ಕದ್ದು, ಅದೂ ಆಗದಿದ್ದರೆ ನೊಂದವರು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು. ‘ಮೇ’, ‘ಶ್ಯಾಲ್’, ಮತ್ತೆ ‘ಮೇ’.

ಹಳೆಯ 154ನೇ ಕಲಮಿನ ‘ಶ್ಯಾಲ್’ ನಿಜವಾಗಿಯೂ ಕಡ್ಡಾಯವೇ, ಅಥವಾ ದೂರಿನ ಸತ್ಯಾಸತ್ಯತೆಯನ್ನು ಮೊದಲು ಪರಿಶೀಲಿಸುವ ಸ್ವಾತಂತ್ರ್ಯ ಪೊಲೀಸರಿಗಿದೆಯೇ ಎಂಬ ಪ್ರಶ್ನೆ ಹಲವು ವರ್ಷ ಚರ್ಚೆಯಲ್ಲಿತ್ತು. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2013ರ ನವೆಂಬರ್ 12ರಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಮಾಹಿತಿ ಸಂಜ್ಞೇಯ ಅಪರಾಧವನ್ನು ತೋರಿಸುವಂತಿದ್ದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ, ಏಕೆಂದರೆ ಶಾಸಕಾಂಗ ‘ಶ್ಯಾಲ್’ ಎಂದು ಬರೆದಿದೆ ಎಂಬುದು ತೀರ್ಪಿನ ತಿರುಳು. ವೈವಾಹಿಕ ವಿವಾದ, ವಾಣಿಜ್ಯ ವ್ಯವಹಾರ, ವೈದ್ಯಕೀಯ ನಿರ್ಲಕ್ಷ್ಯ, ಭ್ರಷ್ಟಾಚಾರ ಮುಂತಾದ ಕೆಲವು ಬಗೆಯ ಪ್ರಕರಣಗಳಲ್ಲಿ ಮಾತ್ರ, ಅಪರಾಧ ಕಾಣುತ್ತದೆಯೇ ಎಂದು ನೋಡಲು ಪ್ರಾಥಮಿಕ ವಿಚಾರಣೆಗೆ ನ್ಯಾಯಾಲಯ ಅವಕಾಶ ಕೊಟ್ಟಿತು.

ಒಂದೇ ವಾಕ್ಯದಲ್ಲಿ ಎರಡೂ

ಶಿಕ್ಷೆ ವಿಧಿಸುವ ಕಲಂಗಳಲ್ಲಿ ಈ ಪದಗಳು ಜೋಡಿಯಾಗಿ ಬರುತ್ತವೆ. ನ್ಯಾಯ ಸಂಹಿತೆಯ 303ನೇ ಕಲಂ ಕಳ್ಳತನದ್ದು. ಕಳ್ಳತನ ಮಾಡಿದವರನ್ನು ಮೂರು ವರ್ಷಗಳವರೆಗೆ ವಿಸ್ತರಿಸಬಹುದಾದ ಕಾರಾವಾಸದಿಂದ, ಅಥವಾ ಜುಲ್ಮಾನೆಯಿಂದ, ಅಥವಾ ಎರಡರಿಂದಲೂ ದಂಡಿಸತಕ್ಕದ್ದು ಎಂದು ಅದು ಹೇಳುತ್ತದೆ. ದಂಡಿಸುವುದಕ್ಕೆ ‘ಶ್ಯಾಲ್’, ಮೂರು ವರ್ಷ ಎಂಬುದಕ್ಕೆ ‘ಮೇ ಎಕ್ಸ್‌ಟೆಂಡ್’. ಅಪರಾಧ ಸಾಬೀತಾದ ಮೇಲೆ ಶಿಕ್ಷೆ ಕೊಡುವ ಹೊಣೆ ನ್ಯಾಯಾಧೀಶರ ಮೇಲಿದೆ; ಅವಧಿ ಎಷ್ಟಿರಬೇಕೆಂಬ ವಿವೇಚನೆಯೂ ಅವರ ಕೈಯಲ್ಲಿದೆ, ಆದರೆ ಮೂರು ವರ್ಷದ ಮಿತಿಯೊಳಗೆ. ಸುದ್ದಿಗಳಲ್ಲಿ ‘ಈ ಅಪರಾಧಕ್ಕೆ ಮೂರು ವರ್ಷ ಜೈಲು’ ಎಂದು ಬರೆಯುವಾಗ ಬಿಟ್ಟುಹೋಗುವುದು ಈ ‘ಮೇ’. ಮೂರು ವರ್ಷ ಎಂಬುದು ಮೇಲ್ಮಿತಿ.

ಅದೇ ಕಲಮಿನಲ್ಲಿ ಎರಡನೆಯ ಅಥವಾ ನಂತರದ ಬಾರಿ ಅಪರಾಧಿಯೆಂದು ತೀರ್ಮಾನವಾದವರಿಗೆ ಒಂದು ವರ್ಷಕ್ಕಿಂತ ‘ಕಡಿಮೆಯಿರತಕ್ಕದ್ದಲ್ಲದ’, ಐದು ವರ್ಷಗಳವರೆಗೆ ‘ವಿಸ್ತರಿಸಬಹುದಾದ’ ಕಠಿಣ ಕಾರಾವಾಸ ಮತ್ತು ಜುಲ್ಮಾನೆ ಎಂದಿದೆ. ಕೆಳಮಿತಿಗೆ ‘ಶ್ಯಾಲ್ ನಾಟ್’, ಮೇಲ್ಮಿತಿಗೆ ‘ಮೇ’. ಒಂದು ವರ್ಷಕ್ಕಿಂತ ಕಡಿಮೆ ಕೊಡುವ ಸ್ವಾತಂತ್ರ್ಯವನ್ನು ಕಾನೂನು ಹಿಂತೆಗೆದುಕೊಂಡಿದೆ.

ಸಂವಿಧಾನದಲ್ಲಿ

ಸಂವಿಧಾನದಲ್ಲಿ ‘ಶ್ಯಾಲ್’ ಹೆಜ್ಜೆ ಹೆಜ್ಜೆಗೂ ಬರುತ್ತದೆ, ಆದರೆ ಎಲ್ಲ ಕಡೆ ಅದರ ತೂಕ ಒಂದೇ ಅಲ್ಲ. 343ನೇ ವಿಧಿ ಒಕ್ಕೂಟದ ರಾಜಭಾಷೆ ದೇವನಾಗರಿ ಲಿಪಿಯ ಹಿಂದಿಯಾಗಿರತಕ್ಕದ್ದು ಎನ್ನುವಾಗ ಆ ‘ಶ್ಯಾಲ್’ ಒಂದು ಸ್ಥಿತಿಯನ್ನು ಘೋಷಿಸುತ್ತದೆ; ಇಂಥವರು ಇಂಥ ಕೆಲಸ ಮಾಡಬೇಕು ಎಂದು ಆ ವಾಕ್ಯ ಹೇಳುವುದಿಲ್ಲ. ರಾಜ್ಯಗಳ ವಿಷಯಕ್ಕೆ ಬಂದರೆ 345ನೇ ವಿಧಿ ‘ಮೇ’ ಎನ್ನುತ್ತದೆ: ರಾಜ್ಯದ ವಿಧಾನಮಂಡಲವು ರಾಜ್ಯದಲ್ಲಿ ಬಳಕೆಯಲ್ಲಿರುವ ಒಂದು ಅಥವಾ ಹೆಚ್ಚು ಭಾಷೆಗಳನ್ನು ಇಲ್ಲವೇ ಹಿಂದಿಯನ್ನು ಕಾನೂನಿನ ಮೂಲಕ ಅಂಗೀಕರಿಸಬಹುದು. ಕನ್ನಡವನ್ನು ಆಡಳಿತ ಭಾಷೆಯಾಗಿ ಸಂವಿಧಾನವೇ ನೇರವಾಗಿ ವಿಧಿಸಿಲ್ಲ. ಅದನ್ನು ಆರಿಸಿಕೊಳ್ಳುವ ಅಧಿಕಾರವನ್ನು ನಮ್ಮ ವಿಧಾನಮಂಡಲಕ್ಕೆ ಕೊಟ್ಟಿತು. ಆ ‘ಮೇ’ಯನ್ನು ಬಳಸಿ ಮಾಡಿದ ಕಾನೂನೇ ನಮ್ಮ ರಾಜ್ಯದ 1963ರ ರಾಜಭಾಷಾ ಅಧಿನಿಯಮ. ಕನ್ನಡಿಗರು ಈ ಎರಡು ವಿಧಿಗಳನ್ನು ಒಟ್ಟಿಗೆ ಓದಿ ನೋಡುವುದು ಒಳ್ಳೆಯದು.

ಶಿಕ್ಷಣದ ಹಕ್ಕಿನ ಕಥೆ ಇನ್ನೂ ಸ್ಪಷ್ಟ. 1950ರ ಮೂಲ 45ನೇ ವಿಧಿಯಲ್ಲಿ, ಹದಿನಾಲ್ಕು ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೂ ಹತ್ತು ವರ್ಷಗಳೊಳಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ಒದಗಿಸಲು ರಾಜ್ಯವು, ಅಂದರೆ ಒಟ್ಟಾರೆ ಸರ್ಕಾರಿ ವ್ಯವಸ್ಥೆಯು, ‘ಪ್ರಯತ್ನಿಸತಕ್ಕದ್ದು’ ಎಂದಿತ್ತು. ‘ಶ್ಯಾಲ್’ ಇತ್ತು, ಆದರೆ ಅದರ ಬೆನ್ನಿಗೆ ‘ಎಂಡೆವರ್’, ಅಂದರೆ ಯತ್ನಿಸು ಎಂಬ ಕ್ರಿಯಾಪದವಿತ್ತು. ಕಡ್ಡಾಯವಾದದ್ದು ಯತ್ನ ಮಾತ್ರ. ಸಾಲದ್ದಕ್ಕೆ ಅದು ಇದ್ದದ್ದು ನಿರ್ದೇಶಕ ತತ್ವಗಳ ಭಾಗದಲ್ಲಿ. ಆ ಭಾಗವನ್ನು ನ್ಯಾಯಾಲಯದ ಮೂಲಕ ಜಾರಿ ಮಾಡಿಸಲು ಬರುವುದಿಲ್ಲ ಎಂದು 37ನೇ ವಿಧಿ ಹೇಳುತ್ತದೆ. 2002ರ 86ನೇ ತಿದ್ದುಪಡಿ ಮೂಲಭೂತ ಹಕ್ಕುಗಳ ಭಾಗಕ್ಕೆ 21ಎ ವಿಧಿಯನ್ನು ಸೇರಿಸಿತು. ಅದು 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದರ ಪ್ರಕಾರ ಆರರಿಂದ ಹದಿನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ರಾಜ್ಯವು ಉಚಿತ ಮತ್ತು ಕಡ್ಡಾಯ ಶಿಕ್ಷಣವನ್ನು ‘ಒದಗಿಸತಕ್ಕದ್ದು’, ಯಾವ ರೀತಿಯಲ್ಲಿ ಎಂಬುದನ್ನು ಕಾನೂನಿನ ಮೂಲಕ ‘ನಿರ್ಧರಿಸಬಹುದು’. ‘ಎಂಡೆವರ್’ ಬಿದ್ದುಹೋಯಿತು. ಶಿಕ್ಷಣ ಕೊಡುವುದಕ್ಕೆ ‘ಶ್ಯಾಲ್’, ಕೊಡುವ ವಿಧಾನಕ್ಕೆ ‘ಮೇ’. ಹಾಗಾಗಿ ‘ಶ್ಯಾಲ್’ ಕಂಡ ಕೂಡಲೇ ನಿಲ್ಲದೆ, ಅದರ ಮುಂದಿನ ಕ್ರಿಯಾಪದ ಯಾವುದು ಎಂದೂ ನೋಡಬೇಕು.

74ನೇ ವಿಧಿ ಇನ್ನೊಂದು ಪಾಠ. ರಾಷ್ಟ್ರಪತಿಗೆ ನೆರವು ಮತ್ತು ಸಲಹೆ ನೀಡಲು ಪ್ರಧಾನಿಯ ನೇತೃತ್ವದ ಮಂತ್ರಿಮಂಡಲ ಇರತಕ್ಕದ್ದು ಎಂದಷ್ಟೇ ಮೂಲದಲ್ಲಿತ್ತು. ಆ ಸಲಹೆಯಂತೆ ರಾಷ್ಟ್ರಪತಿ ನಡೆದುಕೊಳ್ಳತಕ್ಕದ್ದು ಎಂಬ ಎರಡನೆಯ ‘ಶ್ಯಾಲ್’ ಅನ್ನು 1976ರ 42ನೇ ತಿದ್ದುಪಡಿ ಸೇರಿಸಿತು. 1978ರ 44ನೇ ತಿದ್ದುಪಡಿ ಅದಕ್ಕೊಂದು ಪರಂತುಕವನ್ನು, ಅಂದರೆ ಮುಖ್ಯ ನಿಯಮಕ್ಕೆ ಅಂಟಿದ ಷರತ್ತನ್ನು, ಜೋಡಿಸಿತು: ಸಲಹೆಯನ್ನು ಮರುಪರಿಶೀಲಿಸುವಂತೆ ರಾಷ್ಟ್ರಪತಿ ಮಂತ್ರಿಮಂಡಲವನ್ನು ಕೇಳಬಹುದು, ಮರುಪರಿಶೀಲನೆಯ ನಂತರ ಬಂದ ಸಲಹೆಯಂತೆ ನಡೆದುಕೊಳ್ಳತಕ್ಕದ್ದು. ರಾಷ್ಟ್ರಪತಿ ಹುದ್ದೆಯ ವಿವೇಚನೆ ಎಷ್ಟು ಎಂಬ ದೊಡ್ಡ ಪ್ರಶ್ನೆ ಇಲ್ಲಿ ಒಂದು ‘ಮೇ’ ಮತ್ತು ಒಂದು ‘ಶ್ಯಾಲ್’ ನಡುವೆ ತೀರ್ಮಾನವಾಗಿದೆ.

‘ಮೇ’ ಎಂದಿರುವ ಕಡೆಯೂ ಅಧಿಕಾರ ಮಿತಿಯಿಲ್ಲದ್ದಲ್ಲ ಎಂಬುದನ್ನು ದೇಶಕ್ಕೆ ತೋರಿಸಿಕೊಟ್ಟದ್ದು ಕರ್ನಾಟಕದಿಂದ ಹೋದ ಪ್ರಕರಣ. ರಾಜ್ಯದಲ್ಲಿ ಸಂವಿಧಾನದಂತೆ ಆಡಳಿತ ನಡೆಸಲಾಗದ ಪರಿಸ್ಥಿತಿ ಬಂದಿದೆ ಎಂದು ಮನವರಿಕೆಯಾದರೆ ರಾಷ್ಟ್ರಪತಿ ಉದ್ಘೋಷಣೆಯ ಮೂಲಕ ಆಡಳಿತವನ್ನು ವಹಿಸಿಕೊಳ್ಳಬಹುದು ಎಂದು 356ನೇ ವಿಧಿ ಹೇಳುತ್ತದೆ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರ ಈ ವಿಧಿಯಡಿ ವಜಾ ಆಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಈ ಅಧಿಕಾರ ಷರತ್ತಿಗೆ ಒಳಪಟ್ಟದ್ದು, ಅದರ ಬಳಕೆಯನ್ನು ನ್ಯಾಯಾಲಯ ಪರಿಶೀಲಿಸಬಲ್ಲದು, ಬಹುಮತವನ್ನು ಸದನದಲ್ಲೇ ಪರೀಕ್ಷಿಸಬೇಕು ಎಂದು ಹೇಳಿತು. ‘ಮೇ’ಯ ಮುಂಚೆ ಬರುವ ‘ಇಫ್’, ಅಂದರೆ ‘ಹೀಗಾದರೆ’ ಎಂಬ ಷರತ್ತು ಪೂರೈಸಿದಾಗ ಮಾತ್ರ ಆ ಬಾಗಿಲು ತೆರೆಯುತ್ತದೆ.

ಕರ್ತೃವೇ ಹೊಣೆಗಾರನೇ?

ಇಲ್ಲೊಂದು ವ್ಯಾಕರಣದ ಸೂಕ್ಷ್ಮವಿದೆ. 14ನೇ ವಿಧಿಯಲ್ಲಿ ರಾಜ್ಯವು ಯಾರಿಗೂ ಕಾನೂನಿನ ಮುಂದೆ ಸಮಾನತೆಯನ್ನು ನಿರಾಕರಿಸತಕ್ಕದ್ದಲ್ಲ ಎಂದಿದೆ. ವಾಕ್ಯದ ಕರ್ತೃ ರಾಜ್ಯ, ಹೊಣೆಯೂ ರಾಜ್ಯದ್ದೇ. 21ನೇ ವಿಧಿ ಹಾಗಿಲ್ಲ. ಕಾನೂನು ಗೊತ್ತುಪಡಿಸಿದ ಕ್ರಮದ ಹೊರತು ಯಾವ ವ್ಯಕ್ತಿಯ ಜೀವವನ್ನಾಗಲಿ ವೈಯಕ್ತಿಕ ಸ್ವಾತಂತ್ರ್ಯವನ್ನಾಗಲಿ ಕಸಿದುಕೊಳ್ಳತಕ್ಕದ್ದಲ್ಲ ಎಂಬುದು ಅದರ ಅರ್ಥ; ಇಂಗ್ಲಿಷ್ ವಾಕ್ಯ ಕರ್ಮಣಿ ಪ್ರಯೋಗದಲ್ಲಿದ್ದು, ‘ನೋ ಪರ್ಸನ್ ಶ್ಯಾಲ್ ಬಿ’ ಎಂದು ಆರಂಭವಾಗುತ್ತದೆ. ವ್ಯಾಕರಣದ ಪ್ರಕಾರ ‘ಶ್ಯಾಲ್’ಗೆ ಅಂಟಿಕೊಂಡಿರುವುದು ‘ಯಾವ ವ್ಯಕ್ತಿಯೂ’ ಎಂಬ ಪದ, ಆದರೆ ಹೊಣೆ ಬೀಳುವುದು ಆ ವಾಕ್ಯದಲ್ಲಿ ಹೆಸರೇ ಇಲ್ಲದ ರಾಜ್ಯದ ಮೇಲೆ. ಕರ್ಮಣಿ ಪ್ರಯೋಗದಲ್ಲಿ ಮಾಡುವವರು ಮರೆಯಾಗುತ್ತಾರೆ. ಅಂಥ ವಾಕ್ಯ ಎದುರಾದಾಗಲೆಲ್ಲ ‘ಯಾರಿಂದ?’ ಎಂದು ಕೇಳಿಕೊಳ್ಳಬೇಕು.

‘ಶ್ಯಾಲ್’ ಇಲ್ಲದೆಯೂ ಕಾನೂನು ಬಲವಾಗಿ ಮಾತನಾಡಬಲ್ಲದು ಎಂಬುದಕ್ಕೆ 17ನೇ ವಿಧಿ ಸಾಕ್ಷಿ. ಅಸ್ಪೃಶ್ಯತೆಯನ್ನು ರದ್ದುಪಡಿಸಲಾಗಿದೆ, ಯಾವುದೇ ರೂಪದಲ್ಲಿ ಅದರ ಆಚರಣೆಯನ್ನು ನಿಷೇಧಿಸಲಾಗಿದೆ ಎಂಬ ಅದರ ಮೊದಲ ವಾಕ್ಯದಲ್ಲಿ ‘ಶ್ಯಾಲ್’ ಇಲ್ಲ, ‘ಈಸ್’ ಇದೆ. ಸಂವಿಧಾನ ಜಾರಿಯಾದ ಗಳಿಗೆಯಲ್ಲೇ ಆ ಕೆಲಸ ಮುಗಿದಿದೆ ಎಂದು ಹೇಳುವ ವರ್ತಮಾನಕಾಲ ಅದು. ಅಸ್ಪೃಶ್ಯತೆಯಿಂದ ಉಂಟಾಗುವ ಅನರ್ಹತೆಯನ್ನು ಯಾರ ಮೇಲಾದರೂ ಹೇರಿದರೆ ಅದು ದಂಡನೀಯ ಅಪರಾಧವಾಗತಕ್ಕದ್ದು ಎನ್ನುವ ಎರಡನೆಯ ವಾಕ್ಯದಲ್ಲಿ ‘ಶ್ಯಾಲ್’ ಬರುತ್ತದೆ.

ನ್ಯಾಯಾಲಯ ಅರ್ಥವನ್ನು ತಿರುಗಿಸಿ ಓದಿದಾಗ

ಇಷ್ಟರವರೆಗೆ ಹೇಳಿದ್ದು ಸಾಮಾನ್ಯ ನಿಯಮ. ಕಾಯ್ದೆಗಳಲ್ಲಿ ಬರುವ ಅನೇಕ ಪದಗಳಿಗೆ ಅರ್ಥ ಗೊತ್ತುಪಡಿಸುವ 1897ರ ಸಾಮಾನ್ಯ ಖಂಡಗಳ ಅಧಿನಿಯಮ ‘ಶ್ಯಾಲ್’ಗಾಗಲಿ ‘ಮೇ’ಗಾಗಲಿ ಅರ್ಥ ಕೊಟ್ಟಿಲ್ಲ. ಹಾಗಾಗಿ ನ್ಯಾಯಾಲಯಗಳು ಪದವನ್ನು ಮಾತ್ರವಲ್ಲದೆ ಕಾನೂನಿನ ಉದ್ದೇಶ, ಸಂದರ್ಭ ಮತ್ತು ಪಾಲಿಸದಿದ್ದರೆ ಆಗುವ ಪರಿಣಾಮಗಳನ್ನೂ ನೋಡುತ್ತವೆ. ಪಾಲಿಸದಿದ್ದರೆ ಮಾಡಿದ ಕೆಲಸವೇ ಅಸಿಂಧುವಾಗುವ ನಿಯಮವನ್ನು ಕಡ್ಡಾಯ ನಿಯಮವೆಂದೂ, ಪಾಲಿಸಬೇಕಾದದ್ದೇ ಆದರೂ ಲೋಪವಾದ ಮಾತ್ರಕ್ಕೆ ಕೆಲಸ ಅಸಿಂಧುವಾಗದ ನಿಯಮವನ್ನು ನಿರ್ದೇಶನಾತ್ಮಕ ನಿಯಮವೆಂದೂ ಕರೆಯುತ್ತಾರೆ.

1957ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಮನಬೋಧನ್ ಲಾಲ್ ಶ್ರೀವಾಸ್ತವ ಪ್ರಕರಣದಲ್ಲಿ ಪ್ರಶ್ನೆ ಹೀಗಿತ್ತು: ಸರ್ಕಾರಿ ನೌಕರರ ಶಿಸ್ತುಕ್ರಮದ ವಿಷಯದಲ್ಲಿ ಲೋಕಸೇವಾ ಆಯೋಗವನ್ನು ಸಮಾಲೋಚಿಸತಕ್ಕದ್ದು ಎಂದು 320ನೇ ವಿಧಿ ಹೇಳುತ್ತದೆ, ಸಮಾಲೋಚನೆ ಸರಿಯಾಗಿ ನಡೆಯದಿದ್ದರೆ ಶಿಕ್ಷೆಯ ಆದೇಶ ರದ್ದಾಗುತ್ತದೆಯೇ? ಆಗುವುದಿಲ್ಲ ಎಂದಿತು ನ್ಯಾಯಾಲಯ. ಯಾವ ವಿಷಯಗಳಲ್ಲಿ ಸಮಾಲೋಚನೆ ಬೇಕಿಲ್ಲ ಎಂದು ನಿಯಮ ಮಾಡುವ ಅಧಿಕಾರವನ್ನು ಅದೇ ವಿಧಿಯ ಪರಂತುಕ ಕೊಟ್ಟಿದೆ, ಆಯೋಗದ ಸಲಹೆ ಸರ್ಕಾರವನ್ನು ಕಟ್ಟಿಹಾಕುವುದಿಲ್ಲ, ಸಮಾಲೋಚಿಸದಿದ್ದರೆ ಆದೇಶ ಅಸಿಂಧು ಎಂದು ಸಂವಿಧಾನ ಎಲ್ಲೂ ಹೇಳಿಲ್ಲ ಎಂಬುವು ಅದರ ಕಾರಣಗಳಲ್ಲಿ ಮುಖ್ಯವಾದವು. ಆ ‘ಶ್ಯಾಲ್’ ನಿರ್ದೇಶನಾತ್ಮಕವಾಯಿತು.

ಇದರ ವಿರುದ್ಧ ದಿಕ್ಕಿನ ಉದಾಹರಣೆ 1963ರ ಜೋಗೇಂದ್ರ ಸಿಂಗ್ ಪ್ರಕರಣ. ಉತ್ತರ ಪ್ರದೇಶದ 1947ರ ಶಿಸ್ತುಕ್ರಮ ನಿಯಮಗಳ ಪ್ರಕಾರ ರಾಜ್ಯಪಾಲರು ಕೆಲವು ಬಗೆಯ ಪ್ರಕರಣಗಳನ್ನು ಆಡಳಿತ ನ್ಯಾಯಮಂಡಳಿಗೆ ಒಪ್ಪಿಸಬಹುದಿತ್ತು. ಮುಂದಿನ ಉಪನಿಯಮದ ಪ್ರಕಾರ ಗೆಜೆಟೆಡ್ ಅಧಿಕಾರಿ ತಾನಾಗಿ ಕೋರಿದರೆ ಅವರ ಪ್ರಕರಣವನ್ನೂ ಒಪ್ಪಿಸಬಹುದಿತ್ತು. ಎರಡೂ ಕಡೆ ‘ಮೇ’. ಎರಡನೆಯದೂ ರಾಜ್ಯಪಾಲರ ಇಷ್ಟಕ್ಕೇ ಬಿಟ್ಟದ್ದಾದರೆ ಆ ಉಪನಿಯಮವನ್ನು ಪ್ರತ್ಯೇಕವಾಗಿ ಬರೆಯುವ ಅಗತ್ಯವೇ ಇರಲಿಲ್ಲ, ಮೊದಲನೆಯದೇ ಸಾಕಾಗುತ್ತಿತ್ತು. ಹಾಗಾಗಿ ಅಧಿಕಾರಿಗೆ ಒಂದು ಆಯ್ಕೆಯನ್ನು ಕೊಡಲೆಂದೇ ಅದನ್ನು ಬರೆಯಲಾಗಿದೆ, ಅವರು ಕೋರಿದರೆ ಒಪ್ಪಿಸಲೇಬೇಕು ಎಂದು ನ್ಯಾಯಾಲಯ ತೀರ್ಮಾನಿಸಿತು. ಅಧಿಕಾರದ ಜೊತೆಗೆ ಕರ್ತವ್ಯವೂ ಹೆಣೆದುಕೊಂಡಿರುವಾಗ ‘ಮೇ’ ಆಜ್ಞೆಯಾಗುತ್ತದೆ ಎಂಬ ತತ್ವ ಇದು. ಒಬ್ಬರ ಹಕ್ಕು ಇನ್ನೊಬ್ಬರ ‘ಮೇ’ಯನ್ನು ಅವಲಂಬಿಸಿರುವ ಕಡೆಗಳಲ್ಲಿ ಇದನ್ನು ಇಂದಿಗೂ ಉಲ್ಲೇಖಿಸುತ್ತಾರೆ.

‘ಶ್ಯಾಲ್’ ಬಿಟ್ಟ ದೇಶಗಳು

ಆಜ್ಞೆ, ಘೋಷಣೆ, ಭವಿಷ್ಯತ್ತು ಎಂದು ಒಂದೇ ಪದ ಹಲವು ಕೆಲಸ ಮಾಡುವುದರಿಂದ ಹುಟ್ಟುವ ವ್ಯಾಜ್ಯಗಳನ್ನು ಕಂಡು, ಕೆಲವು ದೇಶಗಳು ‘ಶ್ಯಾಲ್’ ಜಾಗದಲ್ಲಿ ‘ಮಸ್ಟ್’ ಬಳಸಲು ಆರಂಭಿಸಿದವು. ದಕ್ಷಿಣ ಆಫ್ರಿಕಾದ 1996ರ ಸಂವಿಧಾನ ಹೊಣೆಗಳನ್ನು ‘ಮಸ್ಟ್’ನಿಂದಲೇ ಹೇಳುತ್ತದೆ. ಅಮೆರಿಕದ ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮಗಳ ಭಾಷೆಯನ್ನು 2007ರಲ್ಲಿ ಪರಿಷ್ಕರಿಸಿದಾಗ ‘ಶ್ಯಾಲ್’ ಕೈಬಿಡಲಾಯಿತು. ಭಾರತದಲ್ಲಿ 2023ರಲ್ಲಿ ಅಂಗೀಕಾರವಾದ ಹೊಸ ಸಂಹಿತೆಗಳೂ ಹಳೆಯ ರೂಢಿಯನ್ನೇ ಮುಂದುವರಿಸಿವೆ, ಆದ್ದರಿಂದ ನಮ್ಮ ಓದುಗರಿಗೆ ಈ ಪದದ ಪರಿಚಯ ಇನ್ನೂ ಬಹುಕಾಲ ಬೇಕಾಗುತ್ತದೆ.

ಸಹಿ ಹಾಕುವ ಮುನ್ನ

ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಹಿಡಿಯುವವರು ಸಾಮಾನ್ಯವಾಗಿ ಹನ್ನೊಂದು ತಿಂಗಳ ಇಂಗ್ಲಿಷ್ ಕರಾರು ಪತ್ರಕ್ಕೆ ಸಹಿ ಹಾಕುತ್ತಾರೆ. ಬಾಡಿಗೆಯ ಮೊತ್ತ, ಅಡ್ವಾನ್ಸ್, ದಿನಾಂಕ ಇವನ್ನು ನೋಡಿ ಉಳಿದದ್ದನ್ನು ಓದದೆ ಬಿಡುವುದೇ ಹೆಚ್ಚು. ಓದುವವರು ಮೊದಲು ‘ಶ್ಯಾಲ್’ ಮತ್ತು ‘ಮೇ’ ಇರುವ ಕಡೆಗಳಲ್ಲೆಲ್ಲ ಗೆರೆ ಎಳೆದು, ಪ್ರತಿಯೊಂದರ ಕರ್ತೃ ಯಾರೆಂದು ಗುರುತಿಸಿದರೆ ಕರಾರಿನ ಸ್ವರೂಪ ಕಣ್ಣಿಗೆ ಬೀಳುತ್ತದೆ. ಬಾಡಿಗೆದಾರರ ಹೆಸರಿನ ಮುಂದೆ ‘ಶ್ಯಾಲ್’ಗಳೇ ಸಾಲಾಗಿ, ಮಾಲೀಕರ ಹೆಸರಿನ ಮುಂದೆ ‘ಮೇ’ಗಳೇ ಸಾಲಾಗಿ ಇದ್ದರೆ ಆ ಪತ್ರ ಯಾವ ಕಡೆ ವಾಲಿದೆ ಎಂಬುದು ತಿಳಿಯುತ್ತದೆ.

ಅಡ್ವಾನ್ಸಿನ ಷರತ್ತನ್ನು ಪ್ರತ್ಯೇಕವಾಗಿ ನೋಡಬೇಕು. ಮನೆ ಖಾಲಿ ಮಾಡಿದ ದಿನ ಮಾಲೀಕರು ಅಡ್ವಾನ್ಸನ್ನು ಹಿಂತಿರುಗಿಸತಕ್ಕದ್ದು ಎಂದಿದ್ದರೆ ಹೊಣೆ ಯಾರದು, ಯಾವಾಗ ಎಂಬ ಎರಡೂ ಸ್ಪಷ್ಟ. ಅಡ್ವಾನ್ಸ್ ‘ಮೇ ಬಿ ಅಡ್ಜಸ್ಟೆಡ್’, ಅಂದರೆ ಬಣ್ಣ, ದುರಸ್ತಿಗಳ ಖರ್ಚಿಗೆ ಹೊಂದಿಸಿಕೊಳ್ಳಬಹುದು ಎಂದಷ್ಟೇ ಇದ್ದರೆ ಅದು ಕರ್ಮಣಿ ಪ್ರಯೋಗ. ಯಾರು ಹೊಂದಿಸಿಕೊಳ್ಳುತ್ತಾರೆ, ಎಷ್ಟರವರೆಗೆ, ಯಾವ ಬಿಲ್ಲಿನ ಆಧಾರದ ಮೇಲೆ ಎಂಬುದು ಯಾವುದೂ ಅದರಲ್ಲಿಲ್ಲ. ಸಹಿಗೆ ಮುಂಚೆ ಆ ವಾಕ್ಯವನ್ನು ಕರ್ತೃ ಸಹಿತವಾಗಿ, ಮೊತ್ತದ ಮಿತಿ ಸಹಿತವಾಗಿ ಬರೆಸಿಕೊಳ್ಳಬಹುದು. ದುರಸ್ತಿಗೆ ಮಾಲೀಕರು ‘ಮೇ ಅಟೆಂಡ್’ ಎಂದಿರುವ ಕಡೆ ‘ಶ್ಯಾಲ್ ಅಟೆಂಡ್’ ಎಂದೂ, ಎಷ್ಟು ದಿನಗಳೊಳಗೆ ಎಂದೂ ಬದಲಾಯಿಸುವಂತೆ ಕೇಳಬಹುದು. ಸ್ಟಾಂಪ್ ಪೇಪರಿನ ಮೇಲೆ ಮುದ್ರಣವಾಗುವ ಮೊದಲೇ ಕರಡನ್ನು ಕೇಳಿ ಪಡೆದರೆ ಈ ಬದಲಾವಣೆಗೆ ಬೇಕಾಗುವುದು ಪ್ರತಿ ಷರತ್ತಿನಲ್ಲೂ ಒಂದೆರಡು ಪದ ಮಾತ್ರ.